ಮಾನ್ಯ ಎಲ್ಲಾರಿಗೂ ಅರ್ಜಿ ಬರೆದವರು

ಅವರು ತೀರಿಕೊಂಡ ಸುದ್ದಿ ನನಗೆ ಮತಪತ್ರದ ರೂಪದಲ್ಲಿ ಬಂತು. ಮುಂಜಾನೆ ಔಷಧಿ ಅಂಗಡಿಯ ಶಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದೆ, ಫೋನು ಗುರ್ ಎಂದಿತು. ತೆಗೆದು ನೋಡಿದರೆ ಹೀಗಿತ್ತು: ‘ಪ್ರಸ್ತಾವ: ನಮ್ಮ ಕಮ್ಯುನಿಟಿ ಮ್ಯಾನೇಜರ್ ನಿನ್ನೆ ಧುಪದಾಳದ ತಮ್ಮ ಮನೆಯಲ್ಲಿ ತೀರಿಕೊಂಡಿದ್ದಾರೆ. ಅವರ ಗೌರವಾರ್ಥ ಒಂದು ನಿಮಿಷ ಮೌನ ಆಚರಿಸಬೇಕೆ? ಹೌದು. ಇಲ್ಲ. ತಟಸ್ಥ.’

ನಾನು ಮೊದಲು ‘ಹೌದು’ ಒತ್ತಿ, ಆಮೇಲೆ ಸ್ಟೂಲಿನ ಮೇಲೆ ಕುಳಿತೆ. ಬ್ರೆಜಿಲ್ಲಿನ ಸದಸ್ಯನೊಬ್ಬ, ಯಾವ ದೇಶದ ಗಡಿಯಾರದ ಪ್ರಕಾರ ಸುಮ್ಮನಿರಬೇಕು ಎಂದು ಕೇಳಿದ. ಅದರ ಮೇಲೆ ಮಧ್ಯಾಹ್ನದವರೆಗೆ ಚರ್ಚೆ ನಡೆದು, ಅವರವರ ಊರಲ್ಲಿ ಮುಂಜಾನೆ ಹತ್ತು ಹೊಡೆದಾಗ ಅವರವರು ಸುಮ್ಮನಿರತಕ್ಕದ್ದು ಎಂದು ತೀರ್ಮಾನವಾಯಿತು. ಹೀಗಾಗಿ ಮರುದಿನ ನಮ್ಮ ಮ್ಯಾನೇಜರರ ಸಲುವಾಗಿ ಆಚರಿಸಿದ ಒಂದು ನಿಮಿಷದ ಮೌನ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತ ಹೋಗುತ್ತ ಹೆಚ್ಚುಕಡಿಮೆ ಇಡೀ ದಿನ ಹಿಡಿಯಿತು. ಗೋಕಾಕದಲ್ಲಿ ಹತ್ತು ಹೊಡೆದಾಗ ನನ್ನ ಅಂಗಡಿಯಲ್ಲಿ ಕೆಮ್ಮಿನ ಔಷಧ ಕೇಳಲು ಬಂದವರೊಬ್ಬರಿದ್ದರು. ನಾನು ಕೈಕಟ್ಟಿ ತಲೆ ತಗ್ಗಿಸಿ ನಿಂತದ್ದು ನೋಡಿ ಅವರೂ ನಿಂತರು. ನಿಮಿಷ ಮುಗಿದ ಮೇಲೆ, ‘ಯಾರ್ ಹೋದ್ರಿ?’ ಎಂದು ಕೇಳಿದರು. ‘ನಮ್ಮ ಮ್ಯಾನೇಜರ್ರು’ ಎಂದೆ. ಒಬ್ಬಳೇ ನಡೆಸುವ ಔಷಧಿ ಅಂಗಡಿಗೆ ಮ್ಯಾನೇಜರ್ ಎಲ್ಲಿಂದ ಬಂದರೆಂದು ಅವರು ಕೇಳಲಿಲ್ಲ. ಆ ನಿಮಿಷದುದ್ದಕ್ಕೂ ಪಾಪ, ಕೆಮ್ಮು ತಡೆದುಕೊಂಡಿದ್ದರು.

ಕೇಳಿದ್ದರೆ ವಿವರಿಸುವುದು ಕಷ್ಟವಿತ್ತು. ನಾನು ಗೋಕಾಕದಲ್ಲಿ ಔಷಧಿ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನ ಮೇಲೆ ಕೋಟೆ ಕಟ್ಟಿ ಕಾಯುವ ಒಂದು ಆಟ ಆಡುತ್ತೇನೆ. ಮೊದಮೊದಲು ಒಬ್ಬಳೇ ಆಡುತ್ತಿದ್ದೆ. ಆಮೇಲೆ ಹತ್ತರಗಿಯಲ್ಲಿ ಹೆದ್ದಾರಿಯ ಬಾಜೂ ಪಂಕ್ಚರ್ ಅಂಗಡಿ ಇಟ್ಟಿರುವ ಬಾಳೇಶ ಜತೆಯಾದ. ಅವನಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು, ಹೀಗೆ ಬೆಳೆದು ಹುಕ್ಕೇರಿ, ಮೂಡಲಗಿ ದಾಟಿ ಬ್ರೆಜಿಲ್, ಫಿಲಿಪ್ಪೀನ್ಸ್, ಪೋಲೆಂಡ್‌ವರೆಗೂ ಹಬ್ಬಿ ಇನ್ನೂರು ಚಿಲ್ಲರೆ ಮಂದಿಯ ಸಂಘವಾಯಿತು. ಸಂಘ ಅಂದರೆ ಅಧ್ಯಕ್ಷ, ಕಾರ್ಯದರ್ಶಿ ಇರುವಂಥದ್ದಲ್ಲ. ಅದಕ್ಕೆ ಯಜಮಾನನೇ ಇಲ್ಲ. ಯಾವ ವಿಷಯವಾದರೂ ಫೋನಿನಲ್ಲಿ ಪ್ರಸ್ತಾವವಾಗಿ ಬರಬೇಕು, ಎಲ್ಲರೂ ಮತ ಒತ್ತಬೇಕು, ಬಹುಮತ ಬಂದದ್ದು ತಾನಾಗಿಯೇ ಜಾರಿಯಾಗುತ್ತದೆ. ಒತ್ತಿದ ಮತ ಬದಲಿಸುವಂತಿಲ್ಲ. ಪ್ರಸ್ತಾವ ಇಟ್ಟವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಮನುಷ್ಯರನ್ನು ನಂಬಬೇಕಾದ ಅಗತ್ಯವೇ ಇಲ್ಲದ ವ್ಯವಸ್ಥೆ ಎಂದು ನಾವು ಹೆಮ್ಮೆಪಡುತ್ತಿದ್ದೆವು.

ಎರಡು ವರ್ಷದಲ್ಲಿ ಆ ವ್ಯವಸ್ಥೆ ಜಗಳದಿಂದ ಗಬ್ಬೆದ್ದು ಹೋಯಿತು. ಶನಿವಾರದ ದಾಳಿಯ ಮುಂದಾಳು ಯಾರೆಂದು ಜಗಳ, ಹೊಸಬರಿಗೆ ಕತ್ತಿ ಕೊಡಬೇಕೋ ಬೇಡವೋ ಎಂದು ಜಗಳ, ಜಗಳ ಬಹಳವಾಯಿತು ಎಂಬುದಕ್ಕೂ ಜಗಳ. ಮಂದಿಯನ್ನು ಸಂಭಾಳಿಸಲು ಪಗಾರ ಕೊಟ್ಟು ಒಬ್ಬ ಕಮ್ಯುನಿಟಿ ಮ್ಯಾನೇಜರನ್ನು ಇಟ್ಟುಕೊಳ್ಳೋಣ ಎಂಬ ಪ್ರಸ್ತಾವ ಮೂರನೆಯ ಸಲಕ್ಕೆ ಪಾಸಾಯಿತು. ಎರಡು ಅರ್ಜಿ ಬಂದವು. ಒಬ್ಬಾಕೆ ಮೂವತ್ತು ಪುಟದ ಬಣ್ಣಬಣ್ಣದ ಯೋಜನೆ ಕಳಿಸಿದ್ದಳು. ಮನಿಲಾದ ಒಬ್ಬಾತ ತಾನು ಈಗಾಗಲೇ ಏಳು ಆಟಗಳ ಮಂದಿಯನ್ನು ಒಟ್ಟಿಗೆ ಸಂಭಾಳಿಸುತ್ತಿರುವುದಾಗಿ ಬರೆದಿದ್ದ.

ಆಮೇಲೆ ನಮ್ಮ ಮ್ಯಾನೇಜರ್ ಆದವರು ಬಂದದ್ದು ರಕ್ತದೊತ್ತಡದ ಗುಳಿಗೆಗೆ. ಎತ್ತರದ ಆಳು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ತೋಳಿಗೆ ಕೊಡೆ ನೇತುಹಾಕಿಕೊಂಡ ಮನುಷ್ಯ. ಪ್ರತಿ ತಿಂಗಳು ಧುಪದಾಳದಿಂದ ಬಸ್ಸಿನಲ್ಲಿ ಬಂದು ನನ್ನಲ್ಲೇ ಗುಳಿಗೆ ಒಯ್ಯುತ್ತಿದ್ದರು. ಧುಪದಾಳದ ಒಡ್ಡಿನಿಂದ ಹೊರಡುವ ಕಾಲುವೆಯ ಮೇಲೆ ಸೌಡಿಯಾಗಿ ಕೆಲಸ ಮಾಡಿ ನಿವೃತ್ತರಾದವರು. ಸೌಡಿ ಅಂದರೆ ಗೇಟು ಏರಿಸಿ ಇಳಿಸಿ, ಯಾರ ಹೊಲಕ್ಕೆ ಯಾವಾಗ ನೀರು ಎಂದು ಪಾಳಿ ನೋಡಿ ಬಿಡುವವರು. ಅಂದು ನಾನು ಫೋನಿನಲ್ಲಿ ಯಾರಿಗೋ ಸಿಟ್ಟಿನಿಂದ ಉತ್ತರ ಕುಟ್ಟುತ್ತಿದ್ದೆ. ಅವರು ಚೀಟಿ ಹಿಡಿದು ಸುಮಾರು ಹೊತ್ತು ನಿಂತರು.

‘ಅಕ್ಕಾರ, ಮನ್ಯಾಗ ಏನರ ತ್ರಾಸೇನ್ರಿ?’ ಎಂದರು.

ಯಾವುದೋ ಭರದಲ್ಲಿ ನಾನು ಇಡೀ ಸಂಘದ ಕಥೆ ಹೇಳಿಬಿಟ್ಟೆ. ಅವರು ತಡೆಯದೆ ಕೇಳಿದರು.

‘ಪಗಾರ ಯಾರ್ ಕೊಡ್ತಾರ್ರಿ?’

‘ಎಲ್ಲಾರೂ.’

‘ತಪ್ಪಾದ್ರ ಯಾರ್ ಬೈತಾರ?’

‘ಎಲ್ಲಾರೂ.’

‘ಸಾಹೇಬ್ರು ಯಾರ?’

‘ಯಾರೂ ಇಲ್ರಿ.’

ಅವರು ಚೀಟಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು, ‘ಇಂಥಾ ಕೆಲಸಾ ನಾ ಮೂವತ್ತೊಂದ ವರ್ಷ ಮಾಡೇನ್ರಿ’ ಎಂದರು. ‘ಸಾಹೇಬ್ರು ಇದ್ರು ಖರೆ, ಕಾಲುವಿ ಮ್ಯಾಲ ಬರ್ತಿದ್ದಿಲ್ಲ.’

ಮರುದಿನ ಗೆರೆ ಹಾಕಿದ ಹಾಳೆಯ ಮೇಲೆ, ಅಂಚು ಬಿಟ್ಟು, ದುಂಡಗಿನ ಅಕ್ಷರದಲ್ಲಿ ಬರೆದ ಅರ್ಜಿ ತಂದರು. ‘ಮಾನ್ಯ ಅಧ್ಯಕ್ಷರಿಗೆ’ ಎಂದು ಶುರುವಾಗಿತ್ತು. ಅಧ್ಯಕ್ಷರು ಇಲ್ಲವೆಂದು ಮತ್ತೆ ಹೇಳಿದೆ. ಅವರು ಒಂದು ಪೆನ್ನು ತೆಗೆದು ‘ಅಧ್ಯಕ್ಷರಿಗೆ’ ಎಂಬುದನ್ನು ಸ್ಕೇಲು ಇಟ್ಟು ಹೊಡೆದುಹಾಕಿ, ಇನ್ನೊಂದು ಪೆನ್ನಿನಿಂದ ‘ಎಲ್ಲಾರಿಗೂ’ ಎಂದು ಬರೆದರು. ‘ಮಾನ್ಯ ಎಲ್ಲಾರಿಗೂ.’ ನಾನು ಅದರ ಫೋಟೋ ತೆಗೆದು ಸಂಘಕ್ಕೆ ಹಾಕಿದೆ. ತಮಾಷೆಗೆ ಹಾಕಿದೆ ಎಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಂದರ್ಶನವನ್ನು ಎಲ್ಲರೂ ಸೇರಿಯೇ ಮಾಡಿದರು, ಯಾಕೆಂದರೆ ಸಂದರ್ಶನ ಸಮಿತಿ ರಚಿಸಲು ಬೇಕಾದಷ್ಟು ಮತ ಬೀಳಲಿಲ್ಲ. ನನ್ನ ಅಂಗಡಿಯ ಬೆಂಚಿನ ಮೇಲೆ ಅವರು ಕುಳಿತು ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಪ್ರಶ್ನೆಗಳನ್ನು ನಾನು ಕನ್ನಡಕ್ಕೂ ಉತ್ತರಗಳನ್ನು ಇಂಗ್ಲಿಷಿಗೂ ಮಾಡುತ್ತಿದ್ದೆ. ಯಾರೋ, ಟಾಕ್ಸಿಕ್ ಸದಸ್ಯರನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು. ಬೇರೆ ಶಬ್ದ ಹೊಳೆಯದೆ ನಾನು, ‘ವಿಷದ ಮಂದಿ ಬಂದ್ರ ಏನ್ ಮಾಡ್ತೀರಿ ಅಂತ ಕೇಳಾಕತ್ತಾರ’ ಎಂದೆ.

ಅವರು ಬಹಳ ಗಂಭೀರರಾದರು. ‘ಮದ್ಲ ಗಾಡಿ ಮಾಡಿ ದವಾಖಾನಿಗೆ ಒಯ್ಯಬೇಕ್ರಿ. ದಾರ್ಯಾಗ ಮಾತಾಡಸ್ಕೋತ ಹೋಗಬೇಕು, ನಿದ್ದಿ ಮಾಡಾಕ ಬಿಡಬಾರದು. ಉಳದ ಮ್ಯಾಲ, ಯಾಕ ಹಿಂಗ ಮಾಡ್ದಿ ಅಂತ ಮಂದಿ ಮುಂದ ಕೇಳಬಾರದು. ನಾ ಇಬ್ಬರನ ಒಯ್ದೇನ್ರಿ. ಒಬ್ಬಾಂವ ಉಳದಾನ.’

ಬದಲಿಸಲು ಮನಸ್ಸಾಗದೆ ನಾನು ಹಾಗೆಯೇ ಇಂಗ್ಲಿಷಿಗೆ ಹೇಳಿದೆ. ನಮ್ಮ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಜಗಳ ತೆಗೆಯುತ್ತಿದ್ದವನು ಪೋಲೆಂಡಿನ ಒಬ್ಬ ಆಟಗಾರ. ಅವನ ನಿಜ ಹೆಸರು ನಮಗೆ ಗೊತ್ತಿಲ್ಲ, ಆಟದಲ್ಲಿ ಅವನು ಕಪ್ಪು ತೋಳ. ಆ ತೋಳ, ‘ನನಗೆ ಈ ಮನುಷ್ಯ ಬೇಕು’ ಎಂದು ಬರೆದ. ಉಳಿದವರ ಪೈಕಿ ಅರ್ಧ ಮಂದಿ ಇದೊಂದು ದೊಡ್ಡ ವ್ಯಂಗ್ಯವೆಂದು ತಿಳಿದು ಮತ ಹಾಕಿದರು, ಅರ್ಧ ಮಂದಿ ನಿಜವೆಂದು ತಿಳಿದು. ಅಂತೂ ನಮ್ಮವರು ಗೆದ್ದರು.

ಸೋಮವಾರ ಎಂಟು ಗಂಟೆಗೆ ಕೈಯಲ್ಲಿ ಬುತ್ತಿ ಹಿಡಿದು ಬಂದು, ‘ಆಫೀಸ್ ಎಲ್ಲಿ ಐತ್ರಿ?’ ಎಂದರು. ಆಫೀಸು ಇಲ್ಲ, ಮನೆಯಲ್ಲೇ ಕೂತು ಮಾಡಬಹುದು ಎಂದೆ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಪಗಾರ ತೆಗೆದುಕೊಳ್ಳುವುದು ಅವರಿಗೆ ಸರಿಬರಲಿಲ್ಲ. ಅಂಗಡಿಯೊಳಗೆ, ತೂಕದ ಯಂತ್ರದ ಪಕ್ಕ, ಸೂಜಿ ಹಾಕಿಸಿಕೊಳ್ಳಲು ಬರುವವರಿಗೆಂದು ಇಟ್ಟಿದ್ದ ಬೆಂಚು ಅಂದಿನಿಂದ ನಮ್ಮ ಜಾಗತಿಕ ಸಂಘದ ಕಚೇರಿಯಾಯಿತು. ಧುಪದಾಳದಲ್ಲಿ ಕಮ್ಯುನಿಟಿ ಎಂಬ ಶಬ್ದ ಯಾರ ಬಾಯಲ್ಲೂ ನಿಲ್ಲದೆ ಅವರು ಕಮಿಟಿ ಮ್ಯಾನೇಜರ್ ಆದರು. ಯಾವ ಕಮಿಟಿ ಎಂದು ಕೇಳಿದವರಿಗೆ, ‘ಭಾಳ ದೊಡ್ಡದು’ ಎನ್ನುತ್ತಿದ್ದರು.

ಮೊದಲ ವಾರ ಅವರು ಮಾಡಿದ್ದು ಹಾಜರಿ ಪುಸ್ತಕ. ಕಪ್ಪು ತೋಳ, ತಂದೆಯ ಹೆಸರು ಗೊತ್ತಿಲ್ಲ, ಊರು ಪೋಲೆಂಡ್, ಕಸುಬು ವಿಚಾರಿಸತಕ್ಕದ್ದು. ಹೀಗೆ ಇನ್ನೂರು ಮಂದಿ. ಗುಟ್ಟಾಗಿರಬೇಕೆಂದೇ ಅಡ್ಡಹೆಸರು ಇಟ್ಟುಕೊಂಡವರಿಗೆ ಅವರು ಒಬ್ಬೊಬ್ಬರಿಗೂ ಫೋನು ಹಚ್ಚಿ, ಮನೆಯಲ್ಲಿ ಎಷ್ಟು ಮಂದಿ, ಊಟ ಏನು ಎಂದು ವಿಚಾರಿಸಿದರು. ಅವರಿಗೆ ಬರುತ್ತಿದ್ದದ್ದು ಕನ್ನಡ, ಅಷ್ಟಿಷ್ಟು ಮರಾಠಿ. ಫೋನು ಅದನ್ನು ತನಗೆ ತಿಳಿದಂತೆ ಅನುವಾದ ಮಾಡುತ್ತಿತ್ತು. ಮೂವರು ಹೆದರಿ ಸಂಘ ಬಿಟ್ಟರು. ಉಳಿದವರು ಉತ್ತರ ಕೊಟ್ಟರು.

ದಿನಾ ಒಂಬತ್ತಕ್ಕೆ ಎಲ್ಲರಿಗೂ ಧ್ವನಿ ಸಂದೇಶ ಕಳಿಸುತ್ತಿದ್ದರು. ‘ಎಲ್ಲಾರಿಗೂ ನಮಸ್ಕಾರ. ಇವತ್ತ ಧುಪದಾಳದಾಗ ನೀರ ಚಲೋ ಐತಿ. ಎಲ್ಲಾರೂ ಉಂಡು ಆಡ್ರಿ.’ ಬಸ್ಸು ಹತ್ತುವ ಮುಂಚೆ ಒಡ್ಡಿನ ಮೇಲೆ ಹೋಗಿ ನೀರು ನೋಡಿ ಬರುವುದು ಅವರ ಹಳೆಯ ಚಾಳಿ. ಆದರೆ ಬ್ರೆಜಿಲ್ ಮತ್ತು ಫಿಲಿಪ್ಪೀನ್ಸ್‌ನವರು ಇದನ್ನು ಗುಪ್ತ ಸಂಕೇತವೆಂದು ತಿಳಿದರು. ನೀರು ಚಲೋ ಐತಿ ಅಂದ ದಿನ ದಾಳಿ ಮಾಡುವುದು, ಕಡಿಮಿ ಐತಿ ಅಂದ ದಿನ ಕೋಟೆಯೊಳಗೇ ಇರುವುದು. ನಮ್ಮ ವಿರೋಧಿ ತಂಡದವರಿಗೆ ಈ ಸಂಕೇತ ಒಡೆಯಲು ಆಗಲೇ ಇಲ್ಲ. ನಾವು ಸತತ ಆರು ಯುದ್ಧ ಗೆದ್ದೆವು. ಇದನ್ನು ಅವರಿಗೆ ತಿಳಿಸಿದಾಗ ಸಂತೋಷಪಡುವುದಿರಲಿ, ಮುಖ ಸಣ್ಣದು ಮಾಡಿದರು. ‘ಖರೇನ ನೀರಿನ ಸುದ್ದಿ ಹೇಳಿದ್ದು ನಾನು’ ಎಂದರು.

ಒಮ್ಮೆ ಶನಿವಾರದ ದಾಳಿಯ ನಟ್ಟನಡುವೆ ನಾಗನೂರಿನ ಸದಸ್ಯರೊಬ್ಬರು ತಟಕ್ಕನೆ ಮಾಯವಾದರು. ಉತ್ತರದ ಗೋಡೆ ಅವರದಾಗಿತ್ತು, ಗೋಡೆ ಬಿತ್ತು. ಅವರನ್ನು ಸಂಘದಿಂದ ಹೊರಹಾಕುವ ಪ್ರಸ್ತಾವ ಅರ್ಧ ತಾಸಿನಲ್ಲಿ ಸಿದ್ಧವಾಯಿತು. ನಮ್ಮ ಮ್ಯಾನೇಜರು, ‘ನೋಡದ ಹೆಂಗ ತಗೀತೀರಿ?’ ಎಂದು ಕೊಡೆ ಹಿಡಿದು ಬಸ್ ಹತ್ತಿದರು. ನಾಗನೂರಿನಲ್ಲಿ ಆ ಮನುಷ್ಯ ಕೊಟ್ಟಿಗೆಯಲ್ಲಿದ್ದ. ಎಮ್ಮೆ ಈಯಲು ಕಷ್ಟಪಡುತ್ತಿತ್ತು, ಕರು ಅಡ್ಡ ಸಿಕ್ಕಿಕೊಂಡಿತ್ತು. ಇವರು ಖಾಕಿ ಅಂಗಿ ಕಳಚಿ ಗೂಟಕ್ಕೆ ಹಾಕಿ ಕೊಟ್ಟಿಗೆಗೆ ಇಳಿದರಂತೆ. ಸಂಜೆಗೆ ಸಂಘಕ್ಕೆ ವರದಿ ಬಂತು: ‘ಸ್ಥಳ ಪರಿಶೀಲನೆ ಮಾಡಲಾಯಿತು. ಕಾರಣ: ಎಮ್ಮೆ. ಹೆಣ್ಣು ಕರು, ಇಬ್ಬರೂ ಆರಾಮ. ರಜಾ ಮಂಜೂರು.’ ಕೆಳಗೆ ಕರುವಿನ ಫೋಟೋ. ಹೊರಹಾಕುವ ಪ್ರಸ್ತಾವಕ್ಕೆ ಒಂದು ಮತವೂ ಬೀಳಲಿಲ್ಲ. ಬದಲಿಗೆ ಜಾನುವಾರು ಈಯುವಾಗ ಯಾರೂ ಆಟಕ್ಕೆ ಹಾಜರಿರಬೇಕಾಗಿಲ್ಲ ಎಂಬ ಪ್ರಸ್ತಾವವನ್ನು ಯಾರೋ ಇಟ್ಟು, ಅದು ಭಾರೀ ಬಹುಮತದಿಂದ ಪಾಸಾಗಿ, ಈಗಲೂ ಜಾರಿಯಲ್ಲಿದೆ. ಮನಿಲಾದಲ್ಲಿ ಹದಿನಾರನೆಯ ಮಹಡಿಯಲ್ಲಿರುವ ನರ್ಸ್ ಒಬ್ಬಳು ತನ್ನ ಬೆಕ್ಕಿನ ಸಲುವಾಗಿ ಅದನ್ನು ಒಮ್ಮೆ ಬಳಸಿಕೊಂಡಳು.

ಇಷ್ಟರವರೆಗೆ ನಾನೂ ಅವರನ್ನು ಮೆಚ್ಚಿಕೊಂಡಿದ್ದೆ. ನಮ್ಮಿಬ್ಬರ ನಡುವೆ ಕೆಟ್ಟದ್ದು ಪಾಳಿಯಿಂದ.

ದಾಳಿಯ ಮುಂದಾಳು ಯಾರೆಂಬ ಜಗಳ ಮತ್ತೆ ಎದ್ದಿತ್ತು, ಈ ಸಲ ಬಾಳೇಶನಿಗೂ ತೋಳನಿಗೂ. ಇಬ್ಬರೂ ತಮ್ಮ ತಮ್ಮ ಕಡೆಯವರನ್ನು ಕರೆದುಕೊಂಡು ಸಂಘ ಒಡೆಯುವವರೆಗೆ ಹೋಗಿದ್ದರು. ಮ್ಯಾನೇಜರು ಇಬ್ಬರನ್ನೂ ವಿಡಿಯೋದಲ್ಲಿ ಕೂಡಿಸಿ, ತಾವು ಒಡ್ಡಿನ ಮೇಲೆ ಹೋಗಿ ನಿಂತು, ಫೋನನ್ನು ನೀರಿನ ಕಡೆ ತಿರುಗಿಸಿ ಹಿಡಿದರು. ಮಾತಿಲ್ಲ. ಹತ್ತು ನಿಮಿಷವಾದ ಮೇಲೆ ತೋಳ, ಇನ್ನೂ ಎಷ್ಟು ಹೊತ್ತು, ಎಂದು ಕೇಳಿದ. ‘ನಿಮ್ಮಿಬ್ಬರದೂ ಸಿಟ್ಟ ಇಳಿಯೂತನಕ. ನಂಗೇನ ಅವಸರ ಇಲ್ಲ, ಮನಿ ಇಲ್ಲೇ ಐತಿ’ ಎಂದರು. ಬಾಳೇಶ ಆಮೇಲೆ ನನಗೆ ಹೇಳಿದ: ‘ಮೂರ ಟ್ರಕ್ಕಿನ ಗಾಲಿ ಬಿಚ್ಚಿ ಇಟ್ಟಿದ್ನಿ ಅಕ್ಕಾ, ಡ್ರೈವರ್ಗೋಳು ಒದರಾಕತ್ತಿದ್ರು. ಏನ್ ಮಾಡ್ಲಿ, ಹೂಂ ಅಂದ್ನಿ.’ ಹೀಗೆ ಸಂಘ ಉಳಿಯಿತು. ಪ್ರತಿ ಶನಿವಾರ ಒಬ್ಬೊಬ್ಬರಂತೆ, ಇನ್ನೂರು ಮಂದಿಗೂ ಸರದಿ ಪ್ರಕಾರ ಮುಂದಾಳುತನ ಎಂದು ಅವರು ಪಾಳಿಯ ಪಟ್ಟಿ ಬರೆದರು. ಆಟ ಬರುತ್ತದೋ ಇಲ್ಲವೋ ಎಂಬುದು ಪಟ್ಟಿಗೆ ಸಂಬಂಧಪಟ್ಟದ್ದಲ್ಲ. ನನ್ನ ಹೆಸರು ನೂರ ಎಪ್ಪತ್ತರ ಆಸುಪಾಸಿನಲ್ಲಿತ್ತು. ಜಗಳಗಳ ನಡುವೆಯೂ ಎರಡು ವರ್ಷ ಹೆಚ್ಚಿನ ಶನಿವಾರ ಮುಂದಾಳಾಗಿದ್ದವಳು ನಾನು. ಪೂರ್ವದ ಕೋಟೆಯನ್ನು ಕಲ್ಲಿಗೆ ಕಲ್ಲು ಇಟ್ಟು ಕಟ್ಟಿದವಳೂ ನಾನೇ.

ನಾಲ್ಕನೆಯ ಶನಿವಾರದ ಪಾಳಿ ಬಾಳೇಶನ ಅವ್ವನದು. ಮಗನ ಪಂಕ್ಚರ್ ಅಂಗಡಿಯಲ್ಲಿ ಮಧ್ಯಾಹ್ನ ಕೂರುವಾಗ ಆಟ ಕಲಿತಿದ್ದ ಮುದುಕಿ. ಎದುರಾಳಿಗಳ ಪಾಳೆಯ ನಮ್ಮ ಪೂರ್ವದ ಕೋಟೆಯ ಎದುರೇ ಇತ್ತು, ಅವರ ಬೊಂಬೆಗಳು ಬೆಂಕಿ ಸುತ್ತ ಕುಳಿತಿದ್ದವು. ಹೊಡೆಯಿರಿ ಎಂದು ನಾವೆಲ್ಲ ಬರೆದೇ ಬರೆದೆವು. ಆಕೆ, ‘ಊಟಕ್ಕ ಕುಂತಾರ, ಏಳಲಿ ತಡೀರಿ’ ಎಂದಳು. ಅವರು ಎದ್ದರು. ಎದ್ದು ನನ್ನ ಕೋಟೆಯನ್ನು ಏಳು ನಿಮಿಷದಲ್ಲಿ ನೆಲಸಮ ಮಾಡಿದರು.

ನಾನು ಆಕೆಗೆ ಏನು ಬರೆದೆನೆಂದು ಇಲ್ಲಿ ಬರೆಯಲಾರೆ. ಮ್ಯಾನೇಜರ ಹತ್ತಿರ ಹೋಗಿ, ಆಟ ಬರುವವರಿಗೆ ಮಾತ್ರ ಪಾಳಿ ಕೊಡಿ ಎಂದೆ. ‘ಪಾಳಿ ಅಂದ ಮ್ಯಾಲ ಪಾಳಿನ ರೀ ಅಕ್ಕಾರ’ ಎಂದು ಬುತ್ತಿ ಬಿಚ್ಚಿದರು. ಅವರು ಅಷ್ಟು ನಿಶ್ಚಿಂತೆಯಿಂದ ರೊಟ್ಟಿ ಮುರಿದದ್ದೇ ನನಗೆ ತಡೆಯದಾಯಿತು. ಅಂದೇ ಇಂಗ್ಲಿಷಿನಲ್ಲಿ, ಯಾರ ಧಾಟಿಯೂ ಕಾಣದಂತೆ, ಒಂದು ಪ್ರಸ್ತಾವ ಬರೆದು ಹಾಕಿದೆ: ಜಗಳಗಳು ಈಗ ಕಡಿಮೆಯಾಗಿರುವುದರಿಂದ ಕಮ್ಯುನಿಟಿ ಮ್ಯಾನೇಜರ್ ಹುದ್ದೆಯನ್ನು ರದ್ದುಪಡಿಸಬೇಕು. ಅವಧಿ ಮೂರು ದಿನ. ಮೊದಲ ಮತ ನನ್ನದೇ ಬಿತ್ತು.

ಮರುದಿನ ಮುಂಜಾನೆ ಅವರು ಎಂದಿನಂತೆ ಬಂದರು. ಬಾಳೇಶ ಫೋನಿನಲ್ಲಿ ಪ್ರಸ್ತಾವ ಓದಿ ಹೇಳಿದ್ದನಂತೆ. ನನ್ನ ಮುಖ ನೋಡಲಿಲ್ಲ, ತಮ್ಮ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು.

‘ನಮ್ಮ ಬಗ್ಗೆ ಮೀಟಿಂಗ್ ನಡದಾಗ ನಾವು ಒಳಗ ಕುಂಡ್ರಬಾರದ್ರಿ. ಮೀಟಿಂಗ್ ಈ ಫೋನಿನ್ಯಾಗ ನಡದೇತಿ. ಇದು ನಿಮ್ಮ ಹಂತ್ಯಾಕ ಇರಲಿ. ಯಾರರ ಮಾತಾಡಿದ್ರ ನೀವ ಮಾತಾಡ್ರಿ. ನಾ ಹೊರಗ ನಿಂದರ್ತೇನಿ.’

‘ಮೂರ ದಿನಾ ನಡೀತೈತ್ರಿ ಅದು’ ಎಂದೆ.

‘ದೊಡ್ಡ ಕಮಿಟಿ’ ಎಂದು ಅವರು ಹೊರಗೆ ಹೋದರು.

ರಸ್ತೆಯ ಆಚೆ, ನನ್ನ ಅಂಗಡಿಗೆ ಸರಿಯಾಗಿ ಎದುರು, ಕೊಡೆ ಬಿಚ್ಚಿ ನಿಂತರು. ಆಫೀಸು ಅಂದರೆ ನನ್ನ ಅಂಗಡಿ, ಆದ್ದರಿಂದ ಹೊರಗೆ ಅಂದರೆ ಅಂಗಡಿಯ ಹೊರಗೆ. ಮೊದಲ ದಿನ ಗಿರಾಕಿಗಳು ನನಗೆ, ಅವರಿಗೆ ಏನಾದರೂ ತಪ್ಪು ಗುಳಿಗೆ ಕೊಟ್ಟಿದ್ದೀರಾ ಎಂದು ಕೇಳಿದರು. ಎರಡನೆಯ ದಿನ ಅಪರಿಚಿತರಿಬ್ಬರು ಬಂದು ಅವರ ಪಕ್ಕ ನಿಂತರು. ಬೇಡಿಕೆ ಏನೆಂದು ಆ ಇಬ್ಬರೂ ಕೇಳಿಕೊಂಡಿರಲಿಲ್ಲ, ಬೆಂಬಲವಿದೆ ಎಂದು ಮಾತ್ರ ತಿಳಿಸಿದರಂತೆ. ಮಧ್ಯಾಹ್ನಕ್ಕೆ ಅವರಲ್ಲೊಬ್ಬ ಎಲ್ಲಿಂದಲೋ ಒಂದು ಹೂವಿನ ಹಾರ ತಂದ. ನಾನು ತಂಬಿಗೆಯಲ್ಲಿ ನೀರು ಒಯ್ದು, ಒಳಗೆ ಬನ್ನಿ ಎಂದು ಕೇಳಿಕೊಂಡೆ. ಅವರು ನೀರು ಕುಡಿದು ತಂಬಿಗೆ ವಾಪಸು ಕೊಟ್ಟು, ತುಟಿಯ ಮೇಲೆ ಬೆರಳಿಟ್ಟು ಆಕಾಶ ನೋಡಿದರು.

ಅವರ ಫೋನು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಆ ಮೂರು ದಿನ ಬಡಿದುಕೊಂಡದ್ದಕ್ಕೆ ಲೆಕ್ಕವಿಲ್ಲ. ಮೊದಲ ದಿನ ಹನ್ನೊಂದಕ್ಕೆ ಬಂದದ್ದು ವಿಡಿಯೋ ಕರೆ. ಒತ್ತಿದರೆ, ಲಾರಿಯೊಂದರ ಚಾಲಕನ ಸೀಟಿನಲ್ಲಿ ಐವತ್ತರ ಆಸುಪಾಸಿನ, ಬಿಳಿ ಗಡ್ಡದ ದಪ್ಪ ಮನುಷ್ಯ. ನನ್ನ ಮುಖ ಕಂಡು ಗಲಿಬಿಲಿಯಾದ. ಕಪ್ಪು ತೋಳನನ್ನು ನಾನು ನೋಡಿದ್ದು ಅದೇ ಮೊದಲು. ಎರಡು ವರ್ಷ ಅವನ ಜತೆ ಹಗಲೆಲ್ಲ ಜಗಳಾಡಿದ್ದೆ, ಅವನೊಬ್ಬ ಇಪ್ಪತ್ತರ ಪೋರನೆಂದು ತಿಳಿದಿದ್ದೆ. ಅವನು ಗಂಟಲು ಸರಿಮಾಡಿಕೊಂಡು, ‘ನಮಸ್ಕಾರ್ರಿ. ಊಟಾ?’ ಎಂದ. ಆಗಿದೆ ಎಂದೆ. ಅವನು ತನ್ನ ಡಬ್ಬಿ ಓರೆಮಾಡಿ ಒಳಗಿದ್ದ ಆಲೂಗಡ್ಡೆ ತೋರಿಸಿ, ನಾನು ನೋಡಿದೆನೆಂದು ಖಾತ್ರಿಮಾಡಿಕೊಂಡು, ಕರೆ ಮುಗಿಸಿದ. ಎರಡನೆಯ ದಿನವೂ ಅದೇ ಹೊತ್ತಿಗೆ ಬಂದ. ಅಂದು ಎಲೆಕೋಸು.

ನಾಗನೂರಿನಿಂದ ಕರುವಿನ ಸುದ್ದಿ ಬಂತು. ಮನಿಲಾದ ನರ್ಸು, ಪರೀಕ್ಷೆ ಪಾಸಾಯಿತೆಂದು ಅವರಿಗೆ ತಿಳಿಸಿ ಅಂದಳು. ಎರಡನೆಯ ದಿನ ಸಂಜೆ ಹತ್ತರಗಿಯಿಂದ ಬಾಳೇಶನ ಅವ್ವ. ನಾನು ಹಲೋ ಅನ್ನುವ ಮೊದಲೇ ಆಕೆ ಶುರುಮಾಡಿದಳು.

‘ಮ್ಯಾನೇಜರ್ರ, ಮೆಡಿಕಲ್ ಅಕ್ಕಾರ ಸಿಟ್ಟ ಇಳೀತೇನ್ರಿ? ಅವರ ಕೋಟಿ ನನ್ನ ಕೈಯಾಗ ಹೋತು. ಎರಡ ವರ್ಷ ಕಟ್ಟಿದ್ರಂತ. ನಂಗ ನಿದ್ದಿ ಹತ್ತವಲ್ದು. ನೀವ ಒಂದ ಮಾತ ಹೇಳಿ ನೋಡ್ರಿ. ನಾನ ಹೇಳಾಕ ಅಂಜಿಕಿ ಬರ್ತೈತಿ, ಭಾಳ ಬೈದಾರ.’

ಹೇಳುತ್ತೇನೆ ಎಂದೆ. ದನಿ ಬದಲಾದದ್ದು ಆಕೆಗೆ ತಿಳಿಯಿತೋ ಇಲ್ಲವೋ. ‘ಮ್ಯಾನೇಜರ್ರಿಗೆ ನೆಗಡಿ ಆಗೇತೇನು?’ ಎಂದಳು. ಆಗಿದೆ ಎಂದೆ. ಶುಂಠಿ ಹಾಕಿದ ಚಹಾ ಕುಡಿಯಿರಿ ಎಂದು ಹೇಳಿ ಇಟ್ಟಳು.

ಮತ ವಾಪಸು ಪಡೆಯಲು ದಾರಿಯೇನಾದರೂ ಇದೆಯೇ ಎಂದು ಆ ಸಂಜೆ ನಿಯಮಗಳನ್ನೆಲ್ಲ ತಿರುವಿದೆ. ಇರಲಿಲ್ಲ. ಹಾಗೆ ಇರಬಾರದೆಂದು ಎರಡು ವರ್ಷದ ಹಿಂದೆ ಪ್ರಸ್ತಾವ ಇಟ್ಟವಳೂ ನಾನೇ.

ಮೂರನೆಯ ದಿನ ಸಂಜೆ ಐದಕ್ಕೆ ಅವಧಿ ಮುಗಿಯುವುದಿತ್ತು. ನಾನು ಎರಡೂ ಫೋನು ಎದುರಿಗಿಟ್ಟುಕೊಂಡು ಕುಳಿತಿದ್ದೆ. ರಸ್ತೆಯ ಆಚೆ ಈಗ ಹದಿಮೂರು ಮಂದಿ ಬೆಂಬಲಿಗರಿದ್ದರು, ಯಾರೋ ಜಮಖಾನೆಯನ್ನೂ ಹಾಸಿದ್ದರು. ನಮ್ಮವರು ಮಾತ್ರ ನಿಂತೇ ಇದ್ದರು. ಐದು ಹೊಡೆಯಿತು. ತೆರೆಯ ಮೇಲೆ ಬಂದ ಫಲಿತಾಂಶವನ್ನು ನಾನು ಮೂರು ಸಲ ಓದಿದೆ: ‘ಪ್ರಸ್ತಾವ ಅಸಿಂಧು. ಕನಿಷ್ಠ ಮತದಾನ ಆಗಿಲ್ಲ.’

ಅರ್ಧಕ್ಕಿಂತ ಕಡಿಮೆ ಸದಸ್ಯರು ಮತ ಹಾಕಿದರೆ ಪ್ರಸ್ತಾವವೇ ಬಿದ್ದುಹೋಗುತ್ತದೆಂಬುದು ನಮ್ಮ ನಿಯಮ. ಅವರು ಬರುವ ಮುಂಚೆ ಎಷ್ಟೋ ಪ್ರಸ್ತಾವಗಳು ಹೀಗೇ ಸಾಯುತ್ತಿದ್ದವು. ಅವರು ಬಂದ ಮೇಲೆ ಒಬ್ಬೊಬ್ಬರಿಗೂ ಫೋನು ಹಚ್ಚಿ, ಉಂಡಿರೇನು, ಮತ ಹಾಕಿದಿರೇನು, ಎಂದು ಬೆನ್ನುಹತ್ತಿ ಹಾಕಿಸುತ್ತಿದ್ದರು. ಈ ಸಲ ಹಾಗೆ ಹೇಳಬೇಕಾದವರು ಮೂರು ದಿನ ರಸ್ತೆಯ ಆಚೆ ನಿಂತಿದ್ದರು.

ನಾನು ರಸ್ತೆ ದಾಟಿ ಹೋಗಿ, ಮೀಟಿಂಗು ಮುಗಿಯಿತು, ನಿಮ್ಮ ನೌಕರಿ ಉಳಿಯಿತು ಎಂದೆ. ಬೆಂಬಲಿಗರು ಚಪ್ಪಾಳೆ ಹೊಡೆದರು, ಒಬ್ಬ ಆ ಹಾರವನ್ನು ಅವರ ಕೊರಳಿಗೆ ಹಾಕಿದ. ಹೇಗೆ ಉಳಿಯಿತೆಂದು ಕೇಳಿದರು. ಹೇಳಿದೆ. ಅವರ ಹುಬ್ಬು ಗಂಟಾಯಿತು.

‘ಅರ್ಧಾ ಮಂದಿನೂ ಹಾಕಿಲ್ಲೇನ್ರಿ? ಇದು ನನ್ನ ತಪ್ಪಾತು. ಮೂರೂ ದಿನ ರಜಾ ಅಂತ ಬರ್ಕೋರಿ’ ಎಂದು, ಹಾರ ತೆಗೆದು ಕೊಡೆಯ ಹಿಡಿಕೆಗೆ ಸುತ್ತಿಕೊಂಡು ನನ್ನ ಜತೆ ಅಂಗಡಿಗೆ ನಡೆದರು.

ಬೆಂಚಿನ ಮೇಲೆ ಕುಳಿತು ಚಪ್ಪಲಿ ಬಿಟ್ಟರು. ಕಾಲು ಬಾತಿದ್ದವು. ನಾನು ಎಷ್ಟೋ ಹೊತ್ತು ಔಷಧದ ಡಬ್ಬಿಗಳನ್ನು ಇದ್ದಲ್ಲಿಂದ ತೆಗೆದು ಇದ್ದಲ್ಲೇ ಇಟ್ಟೆ. ಆಮೇಲೆ ಹೇಳಿದೆ, ಆ ಪ್ರಸ್ತಾವ ಇಟ್ಟವಳು ನಾನೇ ಎಂದು.

‘ಗೊತ್ತೈತ್ರಿ’ ಎಂದರು.

‘ಹೆಂಗ ಗೊತ್ತಾತ್ರಿ? ಹೆಸರು ಕಾಣೂದಿಲ್ಲಲ್ಲ.’

‘ಆ ಮುಂಜಾನಿ ನಾ ಬರೂದ್ರಾಗ ಚಾ ತರಿಸಿ ಇಟ್ಟಿದ್ರಿ, ಜೋಡಿ ಬಿಸ್ಕೀಟ. ಇಷ್ಟ ದಿನದಾಗ ಒಂದ ಸಲಾನೂ ಬಿಸ್ಕೀಟ ತರಿಸಿದ್ದಿಲ್ಲ. ಕಾಲುವಿ ಮ್ಯಾಲೂ ಹಂಗ ಇತ್ರಿ. ಕದ್ದು ನೀರ ಒಡಕೊಂಡಾಂವ ಮರುದಿನ ಭಾಳ ಪ್ರೀತಿ ಮಾಡ್ತಿದ್ದ.’

‘ಮತ್ತ ನನ್ನ ಯಾಕ ಕೇಳ್ಲಿಲ್ರಿ?’

‘ಕೇಳಿದ್ರ ನೀವು ಇಲ್ಲಾ ಅಂತಿದ್ರಿ. ಸುಳ್ಳ ಹೇಳೀನಿ ಅಂತ ಆಮ್ಯಾಲ ನಿಮಗ ನನ್ನ ಮಾರಿ ನೋಡಾಕ ಆಗ್ತಿದ್ದಿಲ್ಲ. ನಂಗ ಆಫೀಸ್ ಇಲ್ಲದಂಗ ಆಗ್ತಿತ್ತು.’ ಅವರು ಕಾಲು ನೀವಿಕೊಂಡರು. ‘ಅದಕ್ಕ ಫೋನ್ ನಿಮ್ಮ ಹಂತ್ಯಾಕ ಬಿಟ್ಟು ಹೋದೆ. ಮಂದಿ ಮಾತಾಡ್ಲಿ ಅಂತ.’

ಅಷ್ಟರಲ್ಲಿ ಅವರ ಫೋನು ಬಡಿಯಿತು. ತೋಳ. ಅವನ ಊರಲ್ಲಿ ಮಧ್ಯಾಹ್ನವಿರಬೇಕು, ಫಲಿತಾಂಶ ನೋಡಿ ಕರೆದಿದ್ದ. ನಮ್ಮವರ ಮುಖ ಕಂಡದ್ದೇ ಅವನು ಪೋಲಿಷ್ ಭಾಷೆಯಲ್ಲಿ ಏನೇನೋ ಹೇಳುತ್ತ ಹೋದ. ಇವರು ಎಲ್ಲವೂ ತಿಳಿದವರಂತೆ, ‘ಹೌದ, ಹೌದ’ ಎನ್ನುತ್ತ ಕೇಳಿದರು. ನಡುವೆ ಅವನು ‘ಮೆಡಿಕಲ್’ ಎಂದದ್ದು ನನಗೂ ಕೇಳಿಸಿತು.

ಅವರು ನನ್ನ ಕಡೆ ತಿರುಗಲಿಲ್ಲ. ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದು, ದೂರದವರಿಗೆ ಕೇಳಿಸಬೇಕೆಂದು ದನಿ ಎತ್ತರಿಸಿ ಹೇಳಿದರು: ‘ಅಕ್ಕಾರೂ ಆರಾಮ ಅದಾರ, ತೋಳಪ್ಪಾ. ಅವರೂ ಆರಾಮ ಅದಾರ.’